ಸಾಹುಕಾರನ ಮೋಟಾರಿನ ಹಿಂದಿನ ಸೀಟು

ಗಜೇಂದ್ರಗಡದ ಪೇಟೆಯಲ್ಲಿ ಕಳಕಪ್ಪ ಸಾಹುಕಾರನಷ್ಟು ಅನ್ಯಾಯಕ್ಕೆ ಒಳಗಾದ ಮನುಷ್ಯ ಮತ್ತೊಬ್ಬನಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಅವನೇ ತನ್ನ ಸೀರೆ ಅಂಗಡಿಯ ಕಟ್ಟೆಯ ಮೇಲೆ ಕೂತು ದಿನಕ್ಕೆರಡು ಸಲ ಅದನ್ನು ಹೇಳುತ್ತಿದ್ದ. ಊರಿಗೆ ಇದ್ದುದು ಒಂದೇ ಮೋಟಾರು, ಅದು ಅವನದು. ಐದು ಮಂದಿಯ ಸಂಸಾರ ಕಾಲು ಚಾಚಿ ಕೂತು ಹೋಗಬಹುದು ಎಂದು ಮೋಟಾರು ಮಾರುವವನು ಆಣೆ ಮಾಡಿ ಹೇಳಿದ್ದಕ್ಕೆ ಹುಬ್ಬಳ್ಳಿಯಿಂದ ಹೊಚ್ಚ ಹೊಸದನ್ನು ತಂದು ಒಂಬತ್ತು ವರ್ಷವಾಗಿತ್ತು. ತೊಂಬತ್ತೇಳು ಸಾವಿರ ಮೈಲು ಓಡಿತ್ತು. ಅಷ್ಟರಲ್ಲಿ ಭೂಮಂಡಲವನ್ನು ಹತ್ತಿರ ಹತ್ತಿರ ನಾಲ್ಕು ಸುತ್ತು ಹಾಕಬಹುದಿತ್ತು. (ಹಾಕಿದ್ದರೆ ಹೆಸರಾದರೂ ಉಳಿಯುತ್ತಿತ್ತು.) ಊರವರು ಮಾತ್ರ ನೆನಪಿಟ್ಟುಕೊಂಡದ್ದು ಅದು ಗದಗಿನ ದವಾಖಾನೆಗೆ ಹೋದ ಮೂವತ್ತೊಂದು ಸಲವನ್ನು.

ಆ ಮೂವತ್ತೊಂದು ಮಂದಿಯಲ್ಲಿ ಇಪ್ಪತ್ತಾರು ಮಂದಿ ಜೀವ ಬಿಟ್ಟಿದ್ದರು. ಇದರಲ್ಲಿ ಮೋಟಾರಿನ ತಪ್ಪೇನು? ಊರಲ್ಲಿ ಯಾರಿಗಾದರೂ ಜಡ್ಡಾದರೆ ಮೊದಲು ಮನೆಯ ಕಷಾಯ. ಅದಾದ ಮೇಲೆ ನಾಡಿ ನೋಡುವವನ ಪುಡಿ. ಆಮೇಲೆ ಕಾಲಕಾಲೇಶ್ವರನಿಗೆ ಹರಕೆ, ಬೆಳವಣಕಿಯ ಯಾವನೋ ಒಬ್ಬನಿಂದ ತಾಯತ. ಇವೆಲ್ಲ ಸರದಿಯಂತೆ ಮುಗಿದು, ಐದನೆಯ ದಿನ ರೋಗಿಯ ಕಣ್ಣು ಮೇಲಾದಾಗ ಯಾರೋ ಒಬ್ಬರಿಗೆ, ‘ಸಾಹುಕಾರ್ರ ಮೋಟಾರು ತರ್ರೆಪಾ’ ಎಂದು ಜ್ಞಾನೋದಯವಾಗುತ್ತಿತ್ತು. ಮೋಟಾರು ಪಾಪ ಹೋಗುತ್ತಿತ್ತು. ಬರುವಾಗ, ಕೂರಿಸಿ ಹೂಳುವ ಜನರಾದ್ದರಿಂದ, ಮೈ ಸೆಟೆಯುವ ಮುಂಚೆಯೇ ಹೆಣವನ್ನು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ, ಆಚೆ ಈಚೆ ಇಬ್ಬರು ಬೀಗರು ಹಿಡಿದುಕೊಂಡು ಬರುತ್ತಿದ್ದರು. ಇದನ್ನು ನೋಡಿದ ಊರು ಒಂದು ತೀರ್ಮಾನಕ್ಕೆ ಬಂದಿತ್ತು. ಆ ಹಿಂದಿನ ಸೀಟು ಒಳ್ಳೆಯದಲ್ಲ.

ಕಳಕಪ್ಪನ ವಾದ ಕಟ್ಟೆಯ ಮೇಲೆ ಯಾವಾಗಲೂ ಒಂದೇ.

“ಮದಲನೇ ದಿನ ತರ್ರಿ ಅಂದ್ರ ಐದನೇ ದಿನಕ್ಕ ತರ್ತೀರಿ. ಸೀಟಿಗೆ ಯಾಕ ಬೈತೀರಿ? ತೊಂಬತ್ತೇಳು ಸಾವಿರ ಮೈಲಾತು, ಒಂದ ಸಲ ಆದ್ರೂ ನನ್ನ ಮೋಟಾರ ದಾರ್‍ಯಾಗ ನಿಂತತೇನು?”

ನಿಂತಿರಲಿಲ್ಲ ಎಂಬುದು ಖರೇ. ಡ್ರೈವರ್ ಕಾಶೀಂಸಾಬ ಎರಡು ಸಲ ಎಂಜಿನ್ ಬಿಚ್ಚಿ ರಿಂಗು ಬದಲಿಸಿದ್ದ. ಒಮ್ಮೆ ನರೇಗಲ್ಲಿನ ಹತ್ತಿರ ಫ್ಯಾನಿನ ಪಟ್ಟೆ ಹರಿದಾಗ ನೇಕಾರರ ಮಗ್ಗದ ಹಗ್ಗವನ್ನು ಹೊಸೆದು ಕಟ್ಟಿ ಗದಗು ಮುಟ್ಟಿಸಿದ್ದ. ಕಳಕಪ್ಪ ದಿನವೂ ಎದ್ದವನೇ ಮುಖ ತೊಳೆಯುವ ಮುಂಚೆ ರೇಡಿಯೇಟರಿಗೆ ನೀರಿದೆಯೇ ನೋಡುತ್ತಿದ್ದ. ವಿಭೂತಿ ಮೊದಲು ಬೀಳುತ್ತಿದ್ದುದು ಮೋಟಾರಿನ ಹಣೆಗೆ, ಆಮೇಲೆ ಅವನ ಹಣೆಗೆ. ಒರೆಸುವುದಕ್ಕೆ ಹೆಂಡತಿಯ ಇಳಕಲ್ಲ ಸೀರೆಯ ಸೆರಗೇ ಆಗಬೇಕು, ಬೇರೆ ಬಟ್ಟೆ ಬಣ್ಣಕ್ಕೆ ಗೀರು ಬೀಳಿಸುತ್ತದೆ.

“ಈ ಮೋಟಾರಿಗೆ ಮಾಡಿದ ಸೇವಾ ನನಗ ಮಾಡಿದ್ರ ನಾ ಇನ್ನೂ ಹದಿನಾರು ವರ್ಷದಾಕಿ ಕಂಡಂಗ ಕಾಣ್ತಿದ್ನಿ,” ಎಂದು ಬಾಳವ್ವ ಒಳಗಿನಿಂದ ಅನ್ನುತ್ತಿದ್ದಳು.

“ನಿನಗೂ ಸಾವಿರ ಮೈಲಿಗೊಮ್ಮೆ ಎಣ್ಣಿ ಹಾಕಸ್ತೀನಿ ತೊಗೋ.”

“ಅಡಗಿಮನ್ಯಾಗ ಸಾವಿರ ಮೈಲು ಯಾವಾಗೋ ನಡದೀನ್ರಿ. ಹಾಕಸ್ರಿ ಈಗ! ಇಲ್ಲಾ, ಆ ಸುಡುಗಾಡ ಬಂಡೀನ್ನ ಮಾರಿ ಬರ್ರಿ.”

ಬಾಳವ್ವ ರೋಣದ ತವರಿಗೆ ಹೋಗಬೇಕಾದರೆ ಬಸ್ಸಿಗೇ ಹೋಗುತ್ತಿದ್ದಳು. ಅಂಗಳದಲ್ಲಿ ಮೋಟಾರು ಫಳಫಳ ಹೊಳೆಯುತ್ತಿದ್ದರೂ ಆ ಹಿಂದಿನ ಸೀಟಿನ ಮೇಲೆ ಅವಳು ಒಂದು ದಿನವೂ ಕೂತವಳಲ್ಲ. ಪಕ್ಕದ ಮನೆಯ ಮುದುಕಿ ಗಾಳೆವ್ವನದಂತೂ ಬೇರೆಯೇ ಕಥೆ. ಎಂಟು ದಿನ ಹಾಸಿಗೆ ಹಿಡಿದಿದ್ದವಳು ಬಾಗಿಲಲ್ಲಿ ಕಾಶೀಂಸಾಬ ಹಾರ್ನು ಬಾರಿಸಿದ್ದನ್ನು ಕೇಳಿದ್ದೇ ಎದ್ದು ಕೂತು, ಹಿಟ್ಟು ನಾದಿ, ಆರು ಜೋಳದ ರೊಟ್ಟಿ ಬಡಿದಿದ್ದಳು. ಗುಣವಾಗಿದೆ ಎಂದು ತೋರಿಸುವುದಕ್ಕೆ ಒಂದನ್ನು ಕಾಶೀಂಸಾಬನಿಗೂ ಕೊಟ್ಟಿದ್ದಳು.

ಇಷ್ಟಾದರೂ ಕಳಕಪ್ಪ ಮೋಟಾರು ಮಾರಲಿಲ್ಲ. ಹಟ ಎಂದರು, ಜಂಬ ಎಂದರು. ಖರೇ ಕಾರಣ ಬಾಳವ್ವನಿಗೆ ಗೊತ್ತಿತ್ತು, ಅದಕ್ಕೇ ಅವಳ ಜಗಳ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಮೋಟಾರು ತಂದ ವರ್ಷವೇ ಅದರಲ್ಲಿ ಮೊದಲು ಗದಗಿಗೆ ಹೊರಟವಳು ಕಳಕಪ್ಪನ ತಾಯಿ ಸಿದ್ದವ್ವ. ಅವನು ಮುಂದೆ ಡ್ರೈವರನ ಪಕ್ಕ ಕೂತಿದ್ದ, ಅವಳನ್ನು ಹಿಂದೆ ಕೂರಿಸಿದ್ದ. ನರೇಗಲ್ಲಿನ ಕೆರೆಯ ಹತ್ತಿರ ‘ಅವ್ವಾ, ನೀರ ಬೇಕೇನು?’ ಎಂದು ಹಿಂತಿರುಗಿ ನೋಡಿದರೆ ಅವಳು ಯಾವಾಗಲೋ ಹೋಗಿಬಿಟ್ಟಿದ್ದಳು. ಈಗ ಸೀಟಿನದು ತಪ್ಪು ಎಂದಾದರೆ, ಆ ಸೀಟಿನ ಮೇಲೆ ತಾಯಿಯನ್ನು ಕೈಹಿಡಿದು ಕೂರಿಸಿದವನದು ಮೊದಲನೆಯ ತಪ್ಪು. ಆದ್ದರಿಂದ ಸೀಟಿನ ತಪ್ಪಲ್ಲ ಎಂದು ಊರು ಒಪ್ಪಬೇಕಿತ್ತು. ಊರು ಒಪ್ಪುವ ತನಕ ಕಳಕಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಕಳಕಪ್ಪನಿಗೇ ಹೊಟ್ಟೆನೋವು ಬಂತು.

ಬಲಗಡೆ, ಕೆಳಗೆ, ಚೂರಿಯಲ್ಲಿ ತಿವಿದಂತೆ. ಕಾಶೀಂಸಾಬ ಸಂತೋಷದಿಂದ (ಯಜಮಾನನ ಮಾತು ಯಜಮಾನನೇ ನಡೆಸಿ ತೋರಿಸುವ ದಿನ ಬಂತಲ್ಲ ಎಂದು) ಹ್ಯಾಂಡಲ್ ತಿರುಗಿಸಿ ಮೋಟಾರು ಶುರುಮಾಡಿ ಬಾಗಿಲಿಗೆ ತಂದ. ಪೇಟೆಯ ಅರ್ಧ ಮಂದಿ ಎದುರಿನ ಕಟ್ಟೆಗಳ ಮೇಲೆ ಸಾಲಾಗಿ ಕೂತರು. ಸಾಹುಕಾರ ಹತ್ತುತ್ತಾನೋ ಇಲ್ಲವೋ? ನೇಕಾರ ದ್ಯಾಮಪ್ಪನಂತೂ ಮಗ್ಗ ನಿಲ್ಲಿಸಿ ಬಂದಿದ್ದ. ಊರಲ್ಲಿ ಹೆಣದ ಮುಂದಿನ ಭಜನೆಗೆಲ್ಲ ಅವನೇ ಮುಂದಾಳು. ಆದ್ದರಿಂದ ಕೆಲಸ ಹೇಗೂ ತನಗೇ ಬರುತ್ತದೆ ಎಂಬ ಜವಾಬ್ದಾರಿ ಅವನ ಮುಖದಲ್ಲಿತ್ತು.

ಕಳಕಪ್ಪ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ತನಕ ಬಂದ. ತೆರೆದ ಬಾಗಿಲಿನಿಂದ ಹಿಂದಿನ ಸೀಟು ಕಂಡಿತು. ನಡುವೆ ತಗ್ಗು ಬಿದ್ದಿತ್ತು. ಅವನು ಅಲ್ಲಿಯೇ ನಿಂತ.

“ಕಾಶೀಂ, ಹಿಂದಿನ ಗಾಲಿಗೆ ಗಾಳಿ ಕಡಿಮಿ ಕಾಣತೈತಿ.”

“ಮುಂಜಾನೇನ ಹೊಡದೇನ್ರಿ ಸಾಹುಕಾರ್ರ.”

“ಆಯಿಲ್ ಬದಲಿ ಮಾಡಬೇಕು. ಹಳೇ ಆಯಿಲ್ ಮ್ಯಾಲೆ ಅಷ್ಟ ದೂರ ಹೊಡೀಬಾರದು. ನಾಳಿ ನೋಡೂಣು.”

“ನಿನ್ನೀನ ಬದಲಿ ಮಾಡೇನ್ರೆಲ್ಲಾ! ನೀವ ಮುಂದ ನಿಂತಿದ್ರಿ!” ಕಾಶೀಂಸಾಬನಿಗೆ ಅಳು ಬರುವಂತಾಯಿತು. ತೊಂಬತ್ತೇಳು ಸಾವಿರ ಮೈಲು ಮಗುವಿನಂತೆ ಸಾಕಿದ ಮೋಟಾರಿಗೆ ಊರಿನ ಮುಂದೆ ಯಜಮಾನನೇ ಕುಂದು ಹೇಳುವುದೆಂದರೇನು!

ಮಂಗಳವಾರ ಬಾಳವ್ವ ಜೀರಿಗೆ ಕಷಾಯ ಕಾಸಿ ಕೊಟ್ಟಳು. ಸಂಜೆಗೆ ಕಳಕಪ್ಪ ಯಾರಿಗೂ ಹೇಳದೆ ನಾಡಿ ನೋಡುವವನನ್ನು ಕರೆಸಿ ಪುಡಿ ನೆಕ್ಕಿದ. ಮೋಟಾರಿನ ಬ್ರೇಕು ಸಡಿಲಾಗಿದೆ ಎಂದ. ಬುಧವಾರ ಜ್ವರ ಏರಿತು, ಹೊಟ್ಟೆ ಹಲಗೆಯಂತಾಯಿತು. ಕಾಲಕಾಲೇಶ್ವರನಿಗೆ ಹರಕೆ ಹೊತ್ತ. ಬ್ಯಾಟರಿ ಇಳಿದಿದೆ ಎಂದ. ಒಂಬತ್ತು ವರ್ಷ ಊರಿಗೆ ಬುದ್ಧಿ ಹೇಳಿದ ಬಾಯಿಯಿಂದಲೇ, ‘ಬೆಳವಣಕಿಗೆ ಯಾರನ್ನಾರ ಕಳಿಸಿ ಅದೊಂದ ತಾಯತ ತರಸು’ ಎಂಬ ಮಾತು ಹೊರಟದ್ದನ್ನು ಬಾಳವ್ವ ಕೇಳಿದಳು. ತಾಯತದ ಮುಂದೆ ಸರದಿಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಗಂಡ ಸಾಯುತ್ತಾನೆ ಎಂದು ಅವಳಿಗೆ ಆಗ ಸ್ಪಷ್ಟವಾಗಿ ಅನಿಸಿತು.

ಅವಳು ಅಂಗಳಕ್ಕೆ ಬಂದಳು. ಕಾಶೀಂಸಾಬನ ಹತ್ತಿರ ಏನೋ ಪಿಸುಗುಟ್ಟಿದಳು. ಆಮೇಲೆ ನಡುಮನೆಯ ಕಂಬ ಹಿಡಿದು ಧೊಪ್ಪೆಂದು ಕೂತಳು.

“ಅಯ್ಯಯ್ಯೋ ನಮ್ಮವ್ವಾ! ಎದಿ ಹಿಡೀತ್ರಿ! ಉಸಿರ ಆಡವಲ್ದರಿ!”

ಕಳಕಪ್ಪ ಹಾಸಿಗೆಯಿಂದ ತೆವಳಿ ಎದ್ದ. “ಏ ಬಾಳಾ! ಏನಾತ? ಕಷಾಯ...”

“ಕಷಾಯಾನೂ ಬ್ಯಾಡ, ಪುಡೀನೂ ಬ್ಯಾಡ. ಮದಲನೇ ದಿನಾನ ಒಯ್ಯಬೇಕು ಅಂತ ನೀವ ಹೇಳ್ತೀರಲ್ಲಾ. ಒಯ್ಯಿರಿ ನನ್ನ ಗದಗಿಗೆ!”

ಹೇಳಿದವಳೇ ಎದ್ದು (ಎದೆ ಹಿಡಿದವರು ಅಷ್ಟು ಚುರುಕಾಗಿ ನಡೆಯುವುದಿಲ್ಲ ಎಂದು ಕಟ್ಟೆಯವರಿಗೆ ಹೊಳೆಯಿತು, ಕಳಕಪ್ಪನಿಗೆ ಹೊಳೆಯಲಿಲ್ಲ) ಮೋಟಾರಿನ ಹಿಂದಿನ ಬಾಗಿಲು ತೆಗೆದು, ಕಣ್ಣು ಮುಚ್ಚಿ, ಆ ತಗ್ಗಿನಲ್ಲಿ ಕೂತುಬಿಟ್ಟಳು. ಗಂಡನಾದವನು ಇನ್ನೇನು ಮಾಡಿಯಾನು? ರೋಗಿ ಅವಳು, ತಾನು ಬರೀ ಜೊತೆಗೆ ಹೋಗುವವನು. ಜೊತೆಗೆ ಹೋಗುವವನು ಮುಂದೆ ಕೂರುವುದು ಪದ್ಧತಿ. ಕಳಕಪ್ಪ ಮೂರು ಮಡಿಕೆಯಾಗಿ ಮುಂದಿನ ಸೀಟಿನಲ್ಲಿ ಬಿದ್ದು, “ಲಗೂ ಹೊಡಿ!” ಎಂದ.

ದಾರಿಯುದ್ದಕ್ಕೂ ಅವನು ಹಿಂತಿರುಗಿ ನೋಡಲಿಲ್ಲ. ನೋವಿಗಲ್ಲ. ಹೆದರಿಕೆಗೆ. ನರೇಗಲ್ಲಿನ ಕೆರೆ ಬಂತು. ಮುಂದಿನ ಗಾಜನ್ನೇ ನೋಡುತ್ತ ಕೇಳಿದ.

“ಬಾಳಾ... ನೀರ ಬೇಕೇನು?”

ಒಂದು ಕ್ಷಣ ಮಾತಿಲ್ಲ. ಆ ಒಂದು ಕ್ಷಣದಲ್ಲಿ ಕಳಕಪ್ಪ ಹೆಂಡತಿಯನ್ನು ಹೂಳಿ ಬಂದ.

“ನನಗ ಬ್ಯಾಡ್ರಿ,” ಎಂದಳು ಬಾಳವ್ವ. “ನೀವೂ ಕುಡೀಬ್ಯಾಡ್ರಿ. ಹೊಟ್ಟಿ ಕೊಯ್ಯೂ ಮುಂದ ಒಳಗ ಏನೂ ಇರಬಾರದಂತ.”

ಕಳಕಪ್ಪ ತಿರುಗಿ ನೋಡಿದ. ಹೆಂಡತಿ ಗಟ್ಟಿಮುಟ್ಟಾಗಿ ಕೂತಿದ್ದಳು. ಆದರೆ ಎರಡೂ ಕೈಯಿಂದ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಮೋಸ ಅವನಿಗೆ ಆಗ ತಿಳಿಯಿತು.

“ಕಾಶೀಂ! ತಿರಗಸು ಗಾಡಿ! ನಿಲ್ಲಸು ಮದಲ!”

“ಬ್ರೇಕ್ ಹಿಡೀವಲ್ದರಿ ಸಾಹುಕಾರ್ರ,” ಎಂದ ಕಾಶೀಂಸಾಬ. “ನೀವ ಹೇಳಿದ್ರೆಲ್ಲಾ ನಿನ್ನಿ, ಸಡಿಲ ಆಗ್ಯಾವಂತ.” ಜೀವಮಾನದಲ್ಲಿ ಅವನು ಆ ಮೋಟಾರಿನ ಮೇಲೆ ಹೇಳಿದ ಸುಳ್ಳು ಅದೊಂದೇ. ಬ್ರೇಕು ಹಿಡಿದದ್ದು ದವಾಖಾನೆಯ ಮೆಟ್ಟಿಲ ಮುಂದೆ.

ಅಪೆಂಡಿಕ್ಸು ಎಂದರು, ಕೊಯ್ದು ತೆಗೆದರು. ಇನ್ನು ಅರ್ಧ ದಿನ ಬಿಟ್ಟು ಬಂದಿದ್ದರೆ ಬರುವುದೇ ಬೇಕಿರಲಿಲ್ಲ ಎಂದರು ಡಾಕ್ಟರು. ಹನ್ನೆರಡು ದಿನ ಮಲಗಿ ಕಳಕಪ್ಪ ಒಂದೇ ವಿಚಾರ ಮಾಡಿದ. ನಾನು ಜೀವಂತ ಊರಿಗೆ ಹೋಗುತ್ತೇನೆ, ಎಲ್ಲರ ಎದುರು ಮೋಟಾರಿನಿಂದ ಇಳಿಯುತ್ತೇನೆ. ಒಂಬತ್ತು ವರ್ಷದ ಅಪವಾದ ಅಲ್ಲಿಗೆ ಮುಗಿಯಿತು. ಅವ್ವನನ್ನು ಕೊಂದದ್ದು ಮೋಟಾರೂ ಅಲ್ಲ, ನಾನೂ ಅಲ್ಲ.

ಊರ ಬಾಗಿಲಲ್ಲೇ ಜನ ನೆರೆದಿದ್ದರು. ದ್ಯಾಮಪ್ಪ ತಾಳ ಹಿಡಿದುಕೊಂಡೇ ಬಂದಿದ್ದ. ಸಾಹುಕಾರ ಕಾಲೂರಿ ಇಳಿದದ್ದನ್ನು ನೋಡಿ ಅದನ್ನು ಅಂಗಿಯ ಜೇಬಿಗೆ ಸೇರಿಸಿದ.

“ನೋಡ್ರಿ!” ಎಂದ ಕಳಕಪ್ಪ. “ಏನಂತೀರಿ ಈಗ ನನ್ನ ಮೋಟಾರಿಗೆ?”

ದ್ಯಾಮಪ್ಪ ಗಂಭೀರವಾಗಿ ಕೇಳಿದ. “ಸಾಹುಕಾರ್ರ, ಹೋಗೂ ಮುಂದ ಎಲ್ಲಿ ಕುಂತಿದ್ರಿ?”

“ಮುಂದ.”

“ಬರೂ ಮುಂದ?”

“ಮುಂದನ.”

“ಅದಕ್ಕ!” ಎಂದ ದ್ಯಾಮಪ್ಪ. ಇಡೀ ಗುಂಪು ಅದಕ್ಕ ಅದಕ್ಕ ಎಂದು ತಲೆಯಾಡಿಸಿತು.

“ಅಲ್ಲೋ ಮಾರಾಯಾ, ಬಾಳವ್ವ ಹಿಂದ ಕುಂತಿದ್ಲು! ಆಕಿಗೇನಾತು?”

“ಆಕಿ ಜಡ್ಡ ಬರೇ ಸುಳ್ಳರಿ. ಸೀಟಿಗೆ ಅಷ್ಟೂ ತಿಳಿಯೂದಿಲ್ಲೇನು?”

ಕಳಕಪ್ಪ ಹೊಲಿಗೆ ಬಿಚ್ಚುವ ಹಾಗೆ ಕೂಗಾಡಿದ. ಯಾರೂ ಕೇಳಲಿಲ್ಲ. ಗಾಳೆವ್ವ ಹತ್ತಿರ ಬಂದು ಅವನ ಬೆನ್ನು ಸವರಿದಳು. ಅವಳಿಗೆ ನಿಜವಾಗಿಯೂ ಮರುಕವಿತ್ತು.

“ಸಿದ್ದವ್ವನ್ನೂ ಅವತ್ತ ಮುಂದ ಕುಂದ್ರಿಸಿದ್ರ ಉಳೀತಿದ್ಲೋ ಏನೋ. ಹೋಗ್ಲಿ ಬಿಡು ತಮ್ಮಾ. ನಿನಗರ ಏನ ಗೊತ್ತಿತ್ತು?”

ಅವತ್ತು ಕಳಕಪ್ಪ ಉಣ್ಣಲಿಲ್ಲ. ಬಾಳವ್ವ ಒತ್ತಾಯ ಮಾಡಲಿಲ್ಲ. ನಾಳೆಯಿಂದ ಮನೆಮನೆಗೆ ಹೋಗಿ ಬಿಡಿಸಿ ಹೇಳುತ್ತೇನೆ, ಸೀಟಲ್ಲ, ದಿನ, ದಿನ ಮುಖ್ಯ ಎಂದು ತಿಳಿಸಿಯೇ ತೀರುತ್ತೇನೆ ಎಂದು ಅವನು ಗೋಡೆಗೆ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ತಲೆಗೆ ಪಟಗ ಸುತ್ತಿಕೊಂಡು ಹೊರಡುವಷ್ಟರಲ್ಲಿ ದ್ಯಾಮಪ್ಪನೇ ಬಾಗಿಲಿಗೆ ಬಂದ. ಜೊತೆಯಲ್ಲಿ ಅವನ ಸೊಸೆ ನೀಲವ್ವ, ಜ್ವರದಿಂದ ಮುಖ ಕೆಂಪಾಗಿತ್ತು. ಅತ್ತೆ ಅವಳ ತೋಳು ಹಿಡಿದಿದ್ದಳು.

“ಎಷ್ಟ ದಿನಾತು ಜ್ವರ ಬಂದು?” ಎಂದು ಕಳಕಪ್ಪ ರೂಢಿಯಂತೆ ಗದರಿದ.

“ನಿನ್ನಿ ಸಂಜೀಲಿಂದರಿ. ಹೆಂಗೂ ಮುಂದಿನ ಸೀಟ ಚಲೋ ಐತೆಲ್ಲಾ, ಹೆದರಿಕಿ ಏನೈತಿ, ಲಗೂ ಒಯ್ಯೂಣು ಅಂದ್ಲು ನಮ್ಮಾಕಿ.”

ನಿನ್ನೆ ಸಂಜೆಯಿಂದ! ಕಳಕಪ್ಪ ಹುಡುಗಿಯ ಕಣ್ಣು ನೋಡಿದ. ಇನ್ನೂ ಬೆಳಕಿತ್ತು. ಕಷಾಯವಿಲ್ಲ, ಪುಡಿಯಿಲ್ಲ, ತಾಯತವಿಲ್ಲ. ಒಂಬತ್ತು ವರ್ಷ ಗಂಟಲು ಹರಿದುಕೊಂಡರೂ ಆಗದ್ದು ಒಂದು ಮೂರ್ಖ ಮಾತಿನಿಂದ ಒಂದೇ ರಾತ್ರಿಯಲ್ಲಿ ಆಗಿತ್ತು. ಆ ಮಾತು ಸುಳ್ಳು ಎಂದು ಅವನೀಗ ಹೇಳಿದರೆ ಇವರು ಹೀಗೇ ಹಿಂತಿರುಗಿ ಹೋಗಿ ಐದನೆಯ ದಿನ ಬರುತ್ತಾರೆ.

ದ್ಯಾಮಪ್ಪನಿಗೆ ಇನ್ನೂ ಒಂದಿಷ್ಟು ಅನುಮಾನ ಉಳಿದಿತ್ತು. “ಮುಂದ ಕುಂತ್ರ ಏನೂ ಆಗೂದಿಲ್ಲ ಅನ್ನೂದು ಖರೇನರಿ ಸಾಹುಕಾರ್ರ? ನಿಮ್ಮ ಬಾಯಿಂದ ಒಂದ ಮಾತ ಹೇಳ್ರಿ.”

ಬಾಳವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಕಳಕಪ್ಪ ಹೋಗಿ ಮೋಟಾರಿನ ಮುಂದಿನ ಬಾಗಿಲು ತೆಗೆದ.

“ಖರೇ ಐತಿ ದ್ಯಾಮಪ್ಪ,” ಎಂದ. “ಹಿಂದಿನ ಸೀಟ ಚಲೋ ಅಲ್ಲ. ನಮ್ಮವ್ವನ್ನ ನಾನ ತಪ್ಪಿ ಅಲ್ಲಿ ಕುಂದ್ರಿಸಿದ್ನಿ. ಹತ್ತಸು ನಿನ್ನ ಸೊಸೀನ್ನ ಮುಂದ.”

ಹುಡುಗಿಯೂ ಅತ್ತೆಯೂ ಕಾಶೀಂಸಾಬನ ಪಕ್ಕ ಒತ್ತಿಕೊಂಡು ಕೂತರು. ದ್ಯಾಮಪ್ಪ ತನಗೆ ಮಗ್ಗದ ಕೆಲಸವಿದೆ ಎಂದು ಹಿಂದೆ ಸರಿದ. ಕಳಕಪ್ಪ ಹಿಂದಿನ ಬಾಗಿಲು ತೆಗೆದು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಹತ್ತಿ, ಒಬ್ಬನೇ ಕೂತ.

“ಲಗೂ ಹೊಡಿ, ಕಾಶೀಂ.”