ನನ್ನ ಕ್ಲಾರಿಯೊನೆಟ್ಟಿನ ಕೀಚಲು

ಬೇರೆಯವರಿಗೆ ದುಃಖ ಬಂದರೆ ದುಃಖವಷ್ಟೇ ಬರುತ್ತದೆ. ನನಗೆ ಮಾತ್ರ ಅದರ ಹಿಂದೆಯೇ ನಗೆಪಾಟಲೂ ಬಂದು ನಿಲ್ಲುತ್ತದೆ. ಹೋದ ವರ್ಷವಂತೂ ಎರಡೂ ಒಟ್ಟೊಟ್ಟಿಗೇ ಬಂದವು.

ನಾನೂ ನನ್ನ ಅಣ್ಣನೂ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಒಂದು ಮುಹೂರ್ತದ ಹೊತ್ತಿನಲ್ಲಿ ನನ್ನ ವಾದ್ಯ ಕೀಂಯ್ ಅಂದಿತು. ಅಣ್ಣ ಬೀಗರ ಎದುರಿಗೇ ನನ್ನ ಮಾನ ಹರಾಜು ಹಾಕಿದ. ನಾನು ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಹೊರಟವನು ಹನ್ನೆರಡು ವರ್ಷ ಅವನ ಜೊತೆ ಮಾತಾಡಲಿಲ್ಲ. ಒಂದು ಶಾಲೆಯಲ್ಲಿ ಅಟೆಂಡರ್ ಆದೆ. ಊದುವುದು ಬಿಟ್ಟು ಗಂಟೆ ಬಾರಿಸಿದೆ.

ಅಣ್ಣನಿಗೆ ಲಕ್ವ ಹೊಡೆದು ಮಾತು ನಿಂತಿದೆ ಅಂತ ಗೊತ್ತಾದ ಮೇಲೆ ಬನ್ನಿಮಂಟಪದ ಅವನ ಮನೆಗೆ ಓಡಿದೆ. ನನ್ನನ್ನು ನೋಡಿ ಅವನ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಅತ್ತಿಗೆ ಅಂದರು: "ನಿನ್ನ ವಾದ್ಯ ತಂದು ಒಂದ್ಸಲ ಊದಪ್ಪ. ಮಾತು ಬಂದ್ರೂ ಬರ್ಬೋದು."

ಊದುವುದಾದರೆ ಕೀಚಲಿಲ್ಲದೆ ಊದಬೇಕು ಅಂತ ಹಟ ತೊಟ್ಟೆ.

ಎಣ್ಣೆ

ಹಿನಕಲ್‌ನ ನಮ್ಮ ಮನೆಯಲ್ಲಿ ಪೆಟ್ಟಿಗೆ ತೆಗೆದು ಊದಿದೆ. ಮೂರು ಸ್ವರಕ್ಕೊಂದು ಕೀಚಲು. ಪಕ್ಕದ ಮನೆಯಾಕೆ ಹೊಲಿಗೆ ಮಿಷನ್ನಿನ ಎಣ್ಣೆ ಹಿಡಿದುಕೊಂಡು ಬಂದರು.

"ನಿಮ್ಮ ಗೇಟು ಬಾಳ ಕಿರುಗುಟ್ತದೆ ಕಣ್ರೀ, ಒಂದೆರಡು ತೊಟ್ಟು ಬುಡಿ."

ಅದು ಗೇಟಲ್ಲ, ನಾನು ಅಂತ ಹೇಳಲು ನಾಚಿಕೆಯಾಗಿ ಗೇಟಿಗೇ ಎಣ್ಣೆ ಬಿಟ್ಟೆ. ಸಂಜೆ ಮತ್ತೆ ಊದಿದಾಗ ಆಕೆ ಗಂಡನಿಗೆ ಹೇಳುತ್ತಿದ್ದುದು ಕಾಂಪೌಂಡಿನಾಚೆಯಿಂದ ಕೇಳಿಸಿತು: "ಎಣ್ಣೆ ಕುಡಿದು ಗಂಟಲು ಇನ್ನೂ ಜೋರಾಯ್ತು ನೋಡಿ."

ಹೊಗೆ

ವಾದ್ಯ ರಿಪೇರಿ ಮಾಡುವ ಮುದುಕರೊಬ್ಬರ ಹತ್ತಿರ ಹೋದೆ. ಬೆರಳಿನಿಂದ ಒತ್ತುವ ಕೀಗಳ ಕೆಳಗಿನ ಪ್ಯಾಡುಗಳಲ್ಲಿ ಗಾಳಿ ಸೋರುತ್ತಿರಬೇಕು ಅಂತ ಹೇಳಿ, ಒಂದು ಬೀಡಿ ಹಚ್ಚಿ ಹೊಗೆಯನ್ನು ಕೊಳವೆಗೆ ಊದಿದರು. ನಾಲ್ಕು ಕಡೆ ಹೊಗೆ ಬಂತು. ನಾಲ್ಕೂ ಪ್ಯಾಡು ಬದಲಾಯಿಸಿದರು. ಮತ್ತೆ ಬೀಡಿ, ಮತ್ತೆ ಹೊಗೆ, ಎಲ್ಲೂ ಸೋರಲಿಲ್ಲ. ನಾನು ಊದಿದೆ. ಕೀಂಯ್!

ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವಾದ್ಯ ಸರಿ ಐತೆ. ಇನ್ನು ಪ್ಯಾಡು ಹಾಕ್ಬೇಕಾದ್ದು ನಿಮಗೇ ಕಣ್ರೀ."

ಹಲ್ಲು

ಈ ಹನ್ನೆರಡು ವರ್ಷದಲ್ಲಿ ನನ್ನ ಮುಂದಿನ ಹಲ್ಲುಗಳು ಹೋಗಿ ಕಟ್ಟಿಸಿದ ಸೆಟ್ಟು ಬಂದಿತ್ತು. ಅದು ಜಾರಿ ಕೀಚಲು ಬರುತ್ತಿರಬಹುದು ಅಂತ, ಊಟದ ಬಿಡುವಿನಲ್ಲಿ ಶಾಲೆಯ ಸ್ಟೋರ್ ರೂಮು ಸೇರಿ, ಕಚ್ಚಿ ಹಿಡಿದು ಊದಿದೆ. ಅಣ್ಣನ ಅಲ್ಲಾಡುವ ತುಟಿಯೇ ಕಣ್ಣ ಮುಂದೆ. ಅಳು ಬಂತು. ಬಾಯಿ ತೆರೆದರೆ ಹಲ್ಲಿನ ಸೆಟ್ಟು ವಾದ್ಯಕ್ಕೇ ಕಚ್ಚಿಕೊಂಡು ಹೊರಗೆ ಬಂತು. ಅದೇ ಹೊತ್ತಿಗೆ ಹೆಡ್‌ಮೇಡಂ ಬಾಗಿಲು ತೆರೆದರು.

ನನ್ನ ಕಣ್ಣೀರು ನೋಡಿದರು, ವಾದ್ಯವನ್ನೂ ನೋಡಿದರು. "ನೀವು ಅಳ್ತಿದೀರ, ಅದು ನೋಡಿದ್ರೆ ನಗ್ತಾ ಇದೆಯಲ್ರೀ!"

ಉಂಗುರ

ಕೀಚಲು ಹೋಗಲಿಲ್ಲ, ಅತ್ತ ಅಣ್ಣ ದಿನದಿನಕ್ಕೆ ಇಳಿದು ಹೋಗುತ್ತಿದ್ದ. ಇನ್ನು ಕಾಯುವಂತಿಲ್ಲ ಅಂತ ವಾದ್ಯ ತೆಗೆದುಕೊಂಡು ಹೋಗಿ ಅವನ ಮಂಚದ ಪಕ್ಕ ಕೂತು ಊದಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಕೀಚಲು ಬಂತು. ಅವನ ಹುಬ್ಬು ಗಂಟಿಕ್ಕಿತು. ಇನ್ನೊಂದು ಬಂತು. ಅಣ್ಣ ಕಣ್ಣು ತೆರೆದು, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಬಾಯಿಬಿಟ್ಟ.

"ಉಂ... ಗು... ರ."

ಅತ್ತಿಗೆ ಹೋ ಅಂತ ಅತ್ತರು. "ಮದುವೆ ಉಂಗುರ ಕೇಳ್ತಾವ್ರೆ ಕಣಪ್ಪ!" ಬೀರುವಿನಿಂದ ತಂದು ಅವನ ಬೆರಳಿಗೆ ತೊಡಿಸಿದರು. ಅಣ್ಣ ಕೈ ಕೊಡವಿ ಅದನ್ನು ಬೀಳಿಸಿ ನನ್ನ ಕಡೆಗೇ ಬೆರಳು ತೋರಿಸಿದ. ತಮ್ಮನಿಗೆ ಕೊಡು ಅಂತಿದ್ದಾನೆ, ಹನ್ನೆರಡು ವರ್ಷದ ಸಿಟ್ಟೆಲ್ಲ ಕರಗಿಹೋಯಿತು ಅಂದುಕೊಂಡೆ. ಕಣ್ಣು ತುಂಬಿ ಬಂತು. "ನಂಗ್ಯಾಕಣ್ಣಾ ನಿನ್ನ ಚಿನ್ನ?" ಅನ್ನುತ್ತಲೇ ಎಡಗೈ ಚಾಚಿದೆ.

ಆ ಕೈಯಲ್ಲಿ ಒಂದು ದಪ್ಪ ಬೆಳ್ಳಿ ಉಂಗುರವಿತ್ತು. ಬ್ಯಾಂಡು ಬಿಟ್ಟ ಮೇಲೆ ಶನಿಕಾಟಕ್ಕೆ ಅಂತ ಜ್ಯೋತಿಷಿ ಹಾಕಿಸಿದ್ದು. ಅಣ್ಣ ಅದನ್ನು ಕುಟ್ಟಿ ಕುಟ್ಟಿ ತೋರಿಸಿದ.

"ಬಿ... ಚ್ಚೋ. ಕೀಗೆ... ತಗುಲ್ತದೆ. ಮುಂಡೇದೆ."

ಬಿಚ್ಚಿ ಊದಿದೆ. ಒಂದೇ ಒಂದು ಕೀಚಲಿಲ್ಲ. ಅಣ್ಣ ಕೊನೆಯವರೆಗೂ ಕೇಳಿ ನಿದ್ದೆ ಹೋದ. ಆಮೇಲೆ ಅವನಿಗೆ ಮಾತು ಬರಲೇ ಇಲ್ಲ. ಒಂಬತ್ತನೇ ದಿನ ಹೋಗಿಬಿಟ್ಟ.

ಅಣ್ಣನ ಚಟ್ಟದ ಮುಂದೆ ನಮ್ಮ ಹಳೇ ಬ್ಯಾಂಡಿನವರೇ ನಡೆದರು, ನಾನೂ ಊದಿದೆ. ಉಂಗುರ ಜೇಬಿನಲ್ಲಿತ್ತು. ಅರ್ಧ ದಾರಿಯವರೆಗೆ ಸ್ವರ ಎಲ್ಲೂ ಒಡೆಯಲಿಲ್ಲ, ಜನ ತಲೆದೂಗಿದರು. ನನಗೆ ತಡೆಯಲಾಗಲಿಲ್ಲ. ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡೆ. ಅಲ್ಲಿಂದ ಸ್ಮಶಾನದ ಗೇಟಿನವರೆಗೂ ಕೀಂಯ್ ಕೀಂಯ್.

ಡ್ರಮ್ಮಿನವನು ಪಕ್ಕಕ್ಕೆ ಬಂದು, "ಏನಣ್ಣಾ ಇದು, ಇವತ್ತೂ ಮಾನ ಕಳೀತೀಯಲ್ಲ?" ಅಂದ.

"ಸುಮ್ನಿರೋ," ಅಂದೆ. "ಎದ್ದು ಬಯ್ಯಲಿ."