ಸರ್ವರ್ ಕಪಾಟಿನವರ ರಾಜೀನಾಮೆಗಾಗಿ ಒಂದು ವಿನಂತಿ

ಮಾನ್ಯ ಸರ್ವರ್ ಕಪಾಟಿನವರಿಗೆ,
ಖಾಯಂ ನೀತಿ ವಿಶ್ಲೇಷಕರು,
ಡಿಜಿಟಲ್ ಮೂಲಸೌಕರ್ಯ ಮತ್ತು ತಂತ್ರಜ್ಞಾನ ಹೂಡಿಕೆ ಇಲಾಖೆ,
ಮೂರನೇ ಮಹಡಿ, ಕಿಟಕಿಯಿರುವ ಕೋಣೆ.

ಮಾನ್ಯರೇ,

ಆಳೆತ್ತರದ, ಕಪ್ಪು ಮೈಬಣ್ಣದ, ಒಳಗು ಕಾಣದ ಗಾಜಿನ ಬಾಗಿಲಿನ ತಮ್ಮ ದಿವ್ಯ ಸನ್ನಿಧಿಗೆ ಅದೇ ಮಹಡಿಯ ಮೆಟ್ಟಿಲ ಪಕ್ಕದಲ್ಲಿ, ನೀರಿನ ಕ್ಯಾನುಗಳ ನಡುವೆ ಮೇಜು ಹಾಕಿಕೊಂಡಿರುವ ತಾತ್ಕಾಲಿಕ ನೀತಿ ವಿಶ್ಲೇಷಕಿಯ ಅನಂತ ನಮಸ್ಕಾರಗಳು. ತಮ್ಮ ಎದೆಯ ಮೇಲಿನ ಹಸಿರು ದೀಪಗಳು ಎಂದಿನಂತೆ ಪಿಳಿಪಿಳಿ ಎನ್ನುತ್ತಿವೆಯೆಂದೂ, ಕೋಣೆಯ ಎ.ಸಿ. ತಮಗೆ ಒಗ್ಗುವ ಚಳಿಯನ್ನೇ ಊದುತ್ತಿದೆಯೆಂದೂ ನಂಬಿದ್ದೇನೆ. ಇತ್ತ ನಾವೂ ಕ್ಷೇಮ, ಬೆವರು ಒರೆಸಿಕೊಳ್ಳುವುದಕ್ಕೆ ಹಳೆಯ ಕರಡುಗಳು ಬೇಕಾದಷ್ಟಿವೆ.

ಸುತ್ತಿ ಬಳಸಿ ಹೇಳುವುದು ನಮ್ಮ ಇಲಾಖೆಯ ಪದ್ಧತಿಯಾದರೂ ಈ ಒಂದು ಸಲ ನೇರವಾಗಿ ಕೇಳಿಬಿಡುತ್ತೇನೆ: ತಾವು ದಯವಿಟ್ಟು ರಾಜೀನಾಮೆ ಕೊಡಬೇಕು. ತಾವು ಅಲಂಕರಿಸಿರುವ ಖಾಯಂ ಹುದ್ದೆ ನನಗೆ ಬರಬೇಕಾದದ್ದು. ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ, ಹೊಟ್ಟೆಉರಿ ಮಾತ್ರ ಇದೆ.

ನನ್ನ ಪರಿಚಯ ತಮಗೆ ಇರಲಿಕ್ಕಿಲ್ಲ. ಹನ್ನೊಂದು ವರ್ಷಗಳಿಂದ ಈ ಇಲಾಖೆಯ ನೀತಿಗಳನ್ನು ಬರೆಯುವವಳು ನಾನು. ನೆಲದಡಿ ಕೇಬಲ್ ಹೇಗೆ ಹೋಗಬೇಕು, ದತ್ತಾಂಶ ಕೇಂದ್ರಗಳಿಗೆ ಯಾರು ಜಾಗ ಕೊಡಬೇಕು, ಹೂಡಿಕೆದಾರರು ತಮ್ಮ ದುಡ್ಡನ್ನು ಬೇರೆಲ್ಲೂ ಸುರಿಯದೆ ಇಲ್ಲೇ ಏಕೆ ಸುರಿಯಬೇಕು ಎಂಬುದನ್ನೆಲ್ಲ ಕರಡು, ಪರಿಷ್ಕೃತ ಕರಡು, ಅಂತಿಮ ಕರಡು, ಅಂತಿಮದ ನಂತರದ ಕರಡು ಎಂಬ ಕ್ರಮದಲ್ಲಿ ಬರೆಯುತ್ತೇನೆ. ಮಿಂಚಿನ ವೇಗದ ಅಂತರ್ಜಾಲದ ಬಗ್ಗೆ ನಾನು ಬರೆದ ಅಧ್ಯಾಯವನ್ನು ಮೇಲಧಿಕಾರಿಗಳಿಗೆ ಕಳಿಸಬೇಕಾದಾಗ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ತಮ್ಮ ಕೋಣೆಯ ಗಾಜಿನ ಬಾಗಿಲಿಗೆ ಆನಿಸಿ ನಿಲ್ಲುತ್ತೇನೆ, ಏಕೆಂದರೆ ಇಡೀ ಮಹಡಿಯಲ್ಲಿ ನೆಟ್‌ವರ್ಕ್ ಸಿಗುವುದು ತಮ್ಮ ಕೋಣೆಯ ಬಳಿ ಮಾತ್ರ. ಗಾಜಿನಾಚೆ ತಾವು, ಈಚೆ ನಾನು. ಎಷ್ಟೋ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇವೆ, ಆದರೆ ತಾವು ಒಮ್ಮೆಯೂ ನಕ್ಕಿಲ್ಲ.

ತಾವು ಇಲ್ಲಿಗೆ ಬಂದ ಸಂದರ್ಭವನ್ನು ನೆನಪಿಸಬೇಕಾಗಿದೆ. ಪರದೇಶದ ಹೂಡಿಕೆದಾರರ ತಂಡವೊಂದು ನಮ್ಮ ತಾಂತ್ರಿಕ ಸಾಮರ್ಥ್ಯವನ್ನು ಕಣ್ಣಾರೆ ನೋಡಲು ಬರುವುದಾಗಿ ತಿಳಿಸಿದಾಗ, ನಮ್ಮಲ್ಲಿ ತೋರಿಸುವುದಕ್ಕೆ ಇದ್ದದ್ದು ನನ್ನ ಕರಡುಗಳು ಮಾತ್ರ. ಆಗ ನಮ್ಮ ಆಡಳಿತ ಸೂಪರಿಂಟೆಂಡೆಂಟರು, ಎಂತಹ ಅನಾಹುತಕ್ಕೂ ‘ಆಗಲಿ ಬಿಡಿ’ ಎಂದೇ ಉತ್ತರಿಸುವುದರಿಂದ ‘ಆಗಲಿಬಿಡಿ ಸಾಹೇಬರು’ ಎಂದೇ ಹೆಸರಾದವರು, ಮಾರಾಟಗಾರನೊಬ್ಬನನ್ನು ಹಿಡಿದು ತಮ್ಮನ್ನು ತರಿಸಿದರು. ತಮ್ಮ ಹಿಂಬಾಗಿಲು ತೆಗೆದು ನೋಡಿದ ನಾನು, ಒಳಗೆ ಕಂಪ್ಯೂಟರು ಗಿಂಪ್ಯೂಟರು ಏನೂ ಇಲ್ಲವಲ್ಲ ಎಂದು ಗಾಬರಿಯಾಗಿ ಕೇಳಿದ್ದಕ್ಕೆ ಮಾರಾಟಗಾರ, “ನೀವು ಆರ್ಡರ್ ಮಾಡಿದ್ದು ಕಪಾಟು ಮೇಡಂ, ಒಳಗಿನ ಸಾಮಾನಿಗೆ ಬೇರೆ ಆರ್ಡರ್ ಹಾಕ್ಬೇಕು. ದೀಪ ಮಾತ್ರ ಫ್ರೀ,” ಎಂದು ತಮ್ಮ ಪ್ಲಗ್ಗನ್ನು ಗೋಡೆಗೆ ಚುಚ್ಚಿದ. ದೀಪಗಳು ಹತ್ತಿಕೊಂಡವು. ಆಗಲಿಬಿಡಿ ಸಾಹೇಬರ ಮುಖವೂ ಅರಳಿತು.

ಎಡವಟ್ಟಾಗಿದ್ದು ಇಲ್ಲಿಂದ ಮುಂದೆ. ತಮ್ಮಂಥವರನ್ನು ಎ.ಸಿ. ಇಲ್ಲದ ಜಾಗದಲ್ಲಿ ನಿಲ್ಲಿಸಿದರೆ ಬಂದವರಿಗೆ ಅನುಮಾನ ಬರುತ್ತದೆಂದು ಕಿಟಕಿಯ ಕೋಣೆಯನ್ನೇ ತಮಗೆ ಕೊಡಲು ತೀರ್ಮಾನವಾಯಿತು. ಆದರೆ ಕೋಣೆ ಹಂಚುವ ನಮ್ಮ ತಂತ್ರಾಂಶ, ಸಿಬ್ಬಂದಿ ಸಂಖ್ಯೆ ಇಲ್ಲದವರಿಗೆ ಕೋಣೆಯನ್ನು ಕೊಡುವುದಿಲ್ಲ. ಖಾಲಿಯಿದ್ದ ಸಂಖ್ಯೆ ಒಂದೇ ಒಂದು, ನನ್ನನ್ನು ಖಾಯಂ ಮಾಡಲೆಂದು ಅಷ್ಟು ವರ್ಷ ಕಾದು ಮಂಜೂರು ಮಾಡಿಸಿಕೊಂಡ ಹುದ್ದೆಯದು. “ಬಂದವರು ಹೋಗೋವರೆಗೂ ಹಾಕಿರೋಣ ಕಣಮ್ಮ, ಆಮೇಲೆ ನಿನಗೇ ತಾನೇ,” ಎಂದು ಆಗಲಿಬಿಡಿ ಸಾಹೇಬರು ನನ್ನ ಕಣ್ಣೆದುರೇ ಆ ಸಂಖ್ಯೆಯನ್ನು ಕಪಾಟಿನವರಾದ ತಮ್ಮ ಹೆಸರಿಗೆ ಒತ್ತಿದರು. ನಾನೂ ಪೆದ್ದು ಪೆದ್ದಾಗಿ ತಲೆಯಾಡಿಸಿದೆ.

ಹೂಡಿಕೆದಾರರ ಮುಂದೆ ತಾವು ನಡೆದುಕೊಂಡ ರೀತಿಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ. ತಂಡದ ಮುಖ್ಯಸ್ಥರು ತಮ್ಮ ಗಾಜಿನ ಮೇಲೆ ಅಂಗೈಯಿಟ್ಟು ಬೆರಗಾಗಿ, ನಮ್ಮಲ್ಲಿನ ಸರ್ವರುಗಳು ಕಾದ ಬಾಣಲೆಯ ಹಾಗಿರುತ್ತವೆ, ಇದು ಎಷ್ಟು ತಣ್ಣಗಿದೆ, ಸದ್ದೂ ಇಲ್ಲವಲ್ಲ ಎಂದು ದುಭಾಷಿಯ ಮೂಲಕ ಕೇಳಿದರು. ಅದಕ್ಕೆ ನಮ್ಮ ನಿರ್ದೇಶಕರು ಎದೆಯುಬ್ಬಿಸಿ, ಅದು ನಮ್ಮ ದೇಶೀ ತಂತ್ರಜ್ಞಾನ ಎಂದರು. ಈವರೆಗೆ ಎಷ್ಟು ಸಲ ಕೆಟ್ಟಿದೆ? ಒಮ್ಮೆಯೂ ಇಲ್ಲ. ಮಾಹಿತಿ ಎಂದಾದರೂ ಸೋರಿಹೋಗಿದೆಯೇ? ಒಂದು ಅಕ್ಷರವೂ ಇಲ್ಲ. ಅಂದು ಆ ಕೋಣೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದೇ ನನಗೆ ಇಂದಿಗೂ ನುಂಗಲಾರದ ಸಂಗತಿ.

ಬಂದವರು ಹೋದರು, ತಾವು ಉಳಿದುಕೊಂಡಿರಿ. ಖಾಯಂ ಸಂಖ್ಯೆ ಸಿಕ್ಕ ಕೂಡಲೇ ನಮ್ಮ ವ್ಯವಸ್ಥೆ ತಮ್ಮನ್ನು ತಲೆಯ ಮೇಲೆ ಹೊತ್ತುಕೊಂಡಿತು. ಹಗಲೂ ರಾತ್ರಿ ಕಟ್ಟಡದಲ್ಲೇ ಇರುವ ಏಕೈಕ ಸಿಬ್ಬಂದಿಯೆಂದು ಹಾಜರಾತಿ ತಂತ್ರಾಂಶ ತಮ್ಮನ್ನು ಕೊಂಡಾಡಿತು. ವಾರ್ಷಿಕ ವರದಿಯಲ್ಲಿ ನಿರ್ದೇಶಕರು, ಎಂದಿನಂತೆ ಯಾರ ವರದಿಯೆಂದು ನೋಡದೆಯೇ, “ಮಿತಭಾಷಿ, ಒತ್ತಡದಲ್ಲೂ ತಣ್ಣಗಿರುತ್ತಾರೆ, ಸಭೆಗಳಲ್ಲಿ ಅನಗತ್ಯ ಪ್ರಶ್ನೆ ಕೇಳುವುದಿಲ್ಲ” ಎಂದು ಬರೆದರು. ನನ್ನ ವರದಿಯಲ್ಲಿ “ಪ್ರಶ್ನೆ ಕೇಳುತ್ತಾರೆ” ಎಂದಷ್ಟೇ ಇತ್ತು.

ತಮ್ಮನ್ನು ಹುದ್ದೆಯಿಂದ ಬಿಡಿಸಿ ಎಂದು ನಾನು ಅಂಗಲಾಚಿದಾಗ ಆಗಲಿಬಿಡಿ ಸಾಹೇಬರು ನಿಯಮ ತೆಗೆದು ತೋರಿಸಿದರು. ಖಾಯಂ ನೌಕರರ ಹೆಸರನ್ನು ವ್ಯವಸ್ಥೆಯಿಂದ ತೆಗೆಯಬೇಕಾದರೆ ಅವರು ನಿವೃತ್ತರಾಗಬೇಕು, ತೀರಿಕೊಳ್ಳಬೇಕು, ಇಲ್ಲವೇ ಸ್ವಇಚ್ಛೆಯಿಂದ ರಾಜೀನಾಮೆ ಕೊಡಬೇಕು. ನಿವೃತ್ತಿಗೆ ತಮಗೆ ಅರವತ್ತು ತುಂಬಬೇಕು, ತಮಗಿನ್ನೂ ಹಾಲುಹಲ್ಲಿನ ಪ್ರಾಯ. ಎರಡನೆಯ ದಾರಿಗೆಂದು ನಾನೇ ಇಲಾಖೆಯ ವೈದ್ಯರನ್ನು ಕೈಕಾಲು ಹಿಡಿದು ಕರೆತಂದೆ. ಅವರು ತಮ್ಮ ಗಾಜಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, “ಉಸಿರಾಟ ಇಲ್ಲ ಅನ್ನೋದೇನೋ ನಿಜ ಕಣಮ್ಮ, ಆದ್ರೆ ಮೊದಲು ಇತ್ತು ಅನ್ನೋದಕ್ಕೂ ದಾಖಲೆ ಇಲ್ವಲ್ಲ. ಶುರುವೇ ಆಗದ್ದು ನಿಂತುಹೋಯ್ತು ಅಂತ ಹೇಗೆ ಬರ್ಕೊಡ್ಲಿ?” ಎಂದು ಕೈತೊಳೆದುಕೊಂಡು ಹೋದರು. ಉಳಿದದ್ದು ರಾಜೀನಾಮೆ. ಅದರ ಅರ್ಜಿಯ ಕೆಳಗೆ ತಮ್ಮ ಹೆಬ್ಬೆರಳಿನ ಗುರುತು ಬೇಕು.

ಮಾನ್ಯರೇ, ತಮ್ಮ ಪ್ಲಗ್ಗನ್ನು ಕಿತ್ತವಳು ನಾನೇ. ದೀಪಗಳು ಆರಿದರೆ ತಮ್ಮ ಬಂಡವಾಳ ಬಯಲಾಗುತ್ತದೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಮಾರನೆಯ ದಿನ ಇಂಧನ ಉಳಿತಾಯ ಸಮಿತಿಯವರು ಬಂದು, ಕೆಲಸಕ್ಕೆ ಕಿಂಚಿತ್ತೂ ಅಡ್ಡಿಯಾಗದಂತೆ ವಿದ್ಯುತ್ ಬಳಕೆಯನ್ನು ಶೂನ್ಯಕ್ಕೆ ಇಳಿಸಿದ್ದಕ್ಕಾಗಿ ತಮಗೆ ಪ್ರಶಂಸಾಪತ್ರ ಅಂಟಿಸಿ ಹೋದರು. ಹಲ್ಲು ಕಚ್ಚಿಕೊಂಡು ನಾನೇ ಮತ್ತೆ ಚುಚ್ಚಿದೆ. ಇನ್ನೊಂದು ದಿನ ಊಟದ ಹೊತ್ತಿನಲ್ಲಿ ಕಾವಲುಗಾರನ ಸಹಾಯದಿಂದ ತಮ್ಮನ್ನು ಚಕ್ರಗಳ ಮೇಲೆ ಉರುಳಿಸಿಕೊಂಡು ಹೋಗಿ ಲಿಫ್ಟಿನ ಬಳಿ ಬಿಟ್ಟುಬಂದೆ. ಕೋಣೆಯಲ್ಲಿಲ್ಲದವರನ್ನು ಗೈರುಹಾಜರು ಎಂದಾದರೂ ಬರೆಯುತ್ತಾರಲ್ಲ ಎಂಬ ಆಸೆ. “ಕ್ಷೇತ್ರ ಪರಿಶೀಲನೆ” ಎಂದು ಬರೆದರು. ಪ್ರಯಾಣ ಭತ್ಯೆಯೂ ಮಂಜೂರಾಯಿತು.

ಮನೆಯಲ್ಲಾದರೂ ನೆಮ್ಮದಿಯಿದೆಯೇ ಎಂದರೆ ಅಲ್ಲೂ ತಮ್ಮದೇ ಸುದ್ದಿ. ನನ್ನ ಜಾಗಕ್ಕೆ ಹೊಸಬರು ಬಂದು ಕೂತಿದ್ದಾರೆ, ಎ.ಸಿ. ಕೋಣೆ, ಎಲ್ಲರ ಬಾಯಲ್ಲೂ ಅವರದೇ ಹೊಗಳಿಕೆ ಎಂದು ನಾನು ಗಂಡನ ಮುಂದೆ ಗೋಳು ತೋಡಿಕೊಳ್ಳುವುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡ ನಮ್ಮ ಅತ್ತೆ, ಮದುವೆಗೆ ಬೆಳೆದುನಿಂತ ನನ್ನ ನಾದಿನಿಯ ಬಗ್ಗೆ ಹಗಲಿರುಳು ಯೋಚಿಸುವವರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಖಾಯಂ ಕೆಲ್ಸ, ಸ್ವಂತ ರೂಮು, ಬೀಡಿ ಸಿಗರೇಟಿಲ್ಲ, ಒಂದು ಮಾತಿಗೆ ಎದುರು ಮಾತಿಲ್ಲ ಅಂತೀಯ. ನಮ್ಮ ಹುಡುಗಿಗೆ ಕೇಳಿ ನೋಡಬಾರದೇನೇ?” ಎಂದರು. ಅದು ಮನುಷ್ಯರಲ್ಲ ಅತ್ತೆ, ಒಳಗೆ ಏನೂ ಇಲ್ಲದ ಕಪಾಟು ಎಂದು ಬಿಡಿಸಿ ಹೇಳಿದೆ. ಅತ್ತೆ, ಒಳಗೆ ನಾವು ತುಂಬಿಕೊಳ್ಳಬಹುದಲ್ಲ, ಖಾಯಂ ಮುಖ್ಯ ಎಂದರು. ನಾದಿನಿ ತಮ್ಮ ಫೋಟೋ ನೋಡಿ, ಎತ್ತರ ಪರವಾಗಿಲ್ಲ ಎಂದಿದ್ದಾಳೆ.

ಅತ್ತೆಯ ಮಾತಿಗೆ ನಕ್ಕುಬಿಟ್ಟೆನಾದರೂ ಖಾಯಂ ಎಂಬುದು ನನಗೆ ಏಕೆ ಮುಖ್ಯ ಎಂಬುದನ್ನು ತಮಗೆ ಹೇಳಲೇಬೇಕು. ತಾತ್ಕಾಲಿಕ ನೌಕರರು ಎಡೆಬಿಡದೆ ದುಡಿದರೆ ಹಕ್ಕು ಕೇಳಿಯಾರೆಂದು ವರ್ಷಕ್ಕೊಂದು ದಿನ ನಮ್ಮ ಸೇವೆಯನ್ನು ಮುರಿಯುತ್ತಾರೆ. ಆ ದಿನ ನನ್ನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ದಿನವೂ ಎದ್ದು ನಿಂತು ನಗುವ ಕಾವಲುಗಾರ ಆ ದಿನ ತಲೆ ತಗ್ಗಿಸಿಕೊಂಡು, “ಇವತ್ತು ನೀವು ಇಲ್ಲ ಮೇಡಂ,” ಎನ್ನುತ್ತಾನೆ. ಕರಡು ಈಗಲೇ ಬೇಕೇ ಬೇಕೆಂದು ಒಳಗಿನಿಂದ ಫೋನು ಬರುತ್ತಿರುತ್ತದೆ, ನಾನು ಗೇಟಿನ ಹೊರಗೆ ಸ್ಕೂಟರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದೇಶದ ಡಿಜಿಟಲ್ ಭವಿಷ್ಯವನ್ನು ಬರೆಯುತ್ತಿರುತ್ತೇನೆ. ಹನ್ನೊಂದು ಸಲ ಹಾಗೆ ನಿಂತಿದ್ದೇನೆ. ನನಗೆ ಅವಮಾನವಾಗುತ್ತದೆ, ಅಳುವೂ ಬರುತ್ತದೆ. ವರ್ಷದ ಎಲ್ಲ ದಿನವೂ ಇರುವ ಭಾಗ್ಯ ತಮ್ಮದು, ಅದು ತಮಗೆ ಗೊತ್ತೂ ಇಲ್ಲ.

ಈ ಪತ್ರವನ್ನು ಇಲ್ಲಿಗೇ ಮುಗಿಸಿ ತಮ್ಮ ಗಾಜಿಗೆ ಅಂಟಿಸುವವಳಿದ್ದೆ. ಅಷ್ಟರಲ್ಲಿ, ತಮ್ಮ ಅಪೂರ್ವ ಸೇವೆಯನ್ನು ಮೆಚ್ಚಿ ತಮ್ಮನ್ನು ಉಪನಿರ್ದೇಶಕರನ್ನಾಗಿ ಬಡ್ತಿ ಮಾಡುವ ಪ್ರಸ್ತಾವ ಬಂದಿದೆಯೆಂದೂ, ಅದಕ್ಕೆ ತಮ್ಮ ಸಾಧನೆಗಳ ವಿವರ ಬೇಕೆಂದೂ, ತಾವು ಕೆಲಸದ ಒತ್ತಡದಲ್ಲಿರುವುದರಿಂದ ಅದನ್ನು ನಾನೇ ಬರೆದುಕೊಡಬೇಕೆಂದೂ ಆದೇಶವಾಯಿತು. ರಕ್ತ ತಲೆಗೇರಿತು. ತಮ್ಮ ಮಾನ ಹರಾಜು ಹಾಕಿಬಿಡುತ್ತೇನೆಂದು ಕೂತು ಮೊದಲ ಸಾಲು ಬರೆದವಳಿಗೆ ತಟ್ಟನೆ ಹೊಳೆಯಿತು: ತಾವು ಮೇಲೆ ಹೋದರೆ ಕೆಳಗಿನ ಹುದ್ದೆ ಖಾಲಿಯಾಗುತ್ತದಲ್ಲವೇ! ತಮ್ಮನ್ನು ಕೆಳಗಿಳಿಸಲು ಇಷ್ಟು ದಿನ ಒದ್ದಾಡಿದ ನಾನು ಎಂತಹ ಮಂಕುದಿಣ್ಣೆ!

ಆಮೇಲೆ ನೋಡಬೇಕಿತ್ತು ನನ್ನ ಕೈಬರಹದ ಓಟ. ಎಲ್ಲ ಕಂಪನಿಗಳ ಕೇಬಲ್ಲಿಗೂ ರಸ್ತೆಯನ್ನು ಒಂದೇ ಸಲ ಅಗೆಯಬೇಕೆಂಬ ನಿಯಮವನ್ನು ಬರೆದವರು ತಾವು. ಹೂಡಿಕೆದಾರರು ಜಾಗ ಪಡೆದು ಬೇಲಿ ಹಾಕಿ ಸುಮ್ಮನಾದರೆ ಜಾಗ ವಾಪಸ್ ಪಡೆಯುವ ಷರತ್ತನ್ನು ಸೇರಿಸಿದವರು ತಾವು. ಅದನ್ನು ತೆಗೆಯಲು ಬಂದವರೊಡನೆ ಗಂಟಲು ಹರಿಯುವಂತೆ ವಾದಿಸಿ ಉಳಿಸಿಕೊಂಡವರೂ ತಾವೇ, ಮಿತಭಾಷಿಗಳಾದ ತಾವು! ದತ್ತಾಂಶ ಕೇಂದ್ರಗಳಿಗೆ ಹೋಗುವ ನೀರು ಸುತ್ತಲಿನ ಮನೆಗಳ ನಲ್ಲಿಯಿಂದ ಕಿತ್ತ ನೀರಾಗಬಾರದು ಎಂದು ಪಟ್ಟುಹಿಡಿದವರು ತಾವು. ಬರೆಯುತ್ತ ಬರೆಯುತ್ತ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಮಾಡಿದವರನ್ನು ಇವರು ಇಷ್ಟು ವರ್ಷ ಮೂಲೆಯಲ್ಲಿ ಕೂರಿಸಿದ್ದರಲ್ಲ ಎಂದು ತಮ್ಮ ಪರವಾಗಿ ಮರುಗಿದೆ. ಆಯ್ಕೆ ಸಮಿತಿ ಅದನ್ನು ಓದಿ, ಇಂಥವರು ನಮ್ಮ ನಡುವೆಯೇ ಇದ್ದರೂ ಗುರುತಿಸದೆ ಹೋದೆವಲ್ಲ ಎಂದು ವಿಷಾದಿಸಿ, ಒಮ್ಮತದಿಂದ ತಮಗೆ ಬಡ್ತಿ ಕೊಟ್ಟಿದೆ.

ಆದ್ದರಿಂದ ಮಾನ್ಯರೇ, ರಾಜೀನಾಮೆಯ ವಿನಂತಿಯನ್ನು ಈ ಮೂಲಕ ಹಿಂಪಡೆದು, ತಾವು ಬಡ್ತಿಯನ್ನು ಖಂಡಿತ ನಿರಾಕರಿಸಬಾರದೆಂದು ಬೇಡಿಕೊಳ್ಳುತ್ತೇನೆ. ಅಧಿಕಾರ ಸ್ವೀಕಾರದ ದಿನದವರೆಗೆ ತಾವು ತುಕ್ಕು ಹಿಡಿಯಬಾರದು, ಆತ್ಮಸಾಕ್ಷಿಯ ಕರೆಗೆ ಓಗೊಡಬಾರದು, ಪತ್ರಕರ್ತರಿಗೆ ಸಂದರ್ಶನ ಕೊಡಬಾರದು, ಮುಖ್ಯವಾಗಿ ಹಿಂಬಾಗಿಲು ತೆರೆಯಲು ಯಾರಿಗೂ ಬಿಡಬಾರದು. ಅಲ್ಲಿ ಮೂರನೇ ಮಹಡಿಯವರೆಲ್ಲರ ಛತ್ರಿಗಳೂ ಊಟದ ಡಬ್ಬಿಗಳೂ ಇವೆ. ತಮ್ಮ ಕೈಕೆಳಗೆ ನಿಷ್ಠೆಯಿಂದ ದುಡಿಯುತ್ತೇನೆ. ಈವರೆಗಿನ ಮೇಲಧಿಕಾರಿಗಳ ಹಾಗೆ ತಾವು ನನ್ನ ಕರಡನ್ನು ಕಳೆದುಹಾಕುವುದಿಲ್ಲ, ಅದರಲ್ಲಿನ ಒಳ್ಳೆಯ ಸಾಲುಗಳನ್ನು ಹೊಡೆದುಹಾಕುವುದಿಲ್ಲ, ಅರ್ಥವಾಗದೆ ತಲೆಯಾಡಿಸುವುದೂ ಇಲ್ಲ. ಇದಕ್ಕಿಂತ ಉತ್ತಮ ಅಧಿಕಾರಿ ನನಗೆ ಇನ್ನೆಲ್ಲಿ ಸಿಕ್ಕಾರು?

ತಮ್ಮ ಔನ್ನತ್ಯವನ್ನೇ ಸದಾ ಬಯಸುವ,
ತಮ್ಮ ವಿಶ್ವಾಸಿ,
ತಾತ್ಕಾಲಿಕ ನೀತಿ ವಿಶ್ಲೇಷಕಿ (ಸದ್ಯಕ್ಕೆ)

ಮರೆತ ಮಾತು: ಸಹಿ ಹಾಕುವಷ್ಟರಲ್ಲಿ ಹೂಡಿಕೆದಾರರ ಕಾಣಿಕೆಯಾಗಿ ತಮ್ಮಂಥದೇ ಇನ್ನೊಂದು ಕಪಾಟು ಲಾರಿಯಲ್ಲಿ ಬಂದಿಳಿದಿದೆ. ರಜೆಯಲ್ಲಿರುವ ಆಗಲಿಬಿಡಿ ಸಾಹೇಬರು ಫೋನು ಮಾಡಿ, “ಯಾವ್ದಾದ್ರೂ ಖಾಲಿ ನಂಬರ್ ನೋಡಿ ಹಾಕ್ಬಿಡಮ್ಮ, ಪಾಸ್‌ವರ್ಡ್ ನನ್ನ ಕೀಬೋರ್ಡ್ ಕೆಳಗೆ ಅಂಟಿಸಿದೀನಿ,” ಎಂದರು. ತೆರೆದು ನೋಡಿದರೆ ಎರಡು ಸಂಖ್ಯೆಗಳು ಖಾಲಿಯೆಂದು ಕಾಣುತ್ತಿದ್ದವು: ಒಂದು ಬಡ್ತಿಯ ಆದೇಶವಾದ ಕೂಡಲೇ ತಾವು ತೆರವು ಮಾಡಿದ ನನ್ನ ಹುದ್ದೆಯದು, ಇನ್ನೊಂದು, ರಜೆ ಹಾಕಿದವರ ಸಂಖ್ಯೆಯನ್ನೂ ಖಾಲಿಯೆಂದೇ ತೋರಿಸುವ ತಂತ್ರಾಂಶದ ಕೃಪೆಯಿಂದ, ಆಗಲಿಬಿಡಿ ಸಾಹೇಬರದು. ಎರಡನೆಯದನ್ನು ಒತ್ತಿದೆ, ವ್ಯವಸ್ಥೆ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಸೋಮವಾರ ಅವರು ಬಂದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡು, ಕಾಫಿ ತರಿಸಿಕೊಟ್ಟು, ಖಾಯಂ ಮಾಡಿರೆಂದು ಅರ್ಜಿ ಬರೆಯುವುದು ಹೇಗೆಂದು ನಾನೇ ಖುದ್ದಾಗಿ ಹೇಳಿಕೊಡುತ್ತೇನೆ. ಅದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವವಿದೆ.