ಭಾವನವರ ಮೂರನೆಯ ದಾರಿ

ನಮ್ಮ ಭಾವನವರು ಒಂದು ಲೋಟ ಕಾಫಿ ಕೇಳುವುದಕ್ಕೂ ಹಿನ್ನೆಲೆ, ಉದ್ದೇಶ, ದಾರಿಗಳು, ಶಿಫಾರಸು ಅಂತ ನಾಲ್ಕು ಭಾಗ ಮಾಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ, ಅದು ಶುದ್ಧ ಸುಳ್ಳು. ಕಾಫಿಗೆ ಅವರು ಮಾಡುವುದು ಮೂರೇ ಭಾಗ! ಶಿಫಾರಸನ್ನು ಅಕ್ಕನಿಗೆ ಬಿಟ್ಟಿರುತ್ತಾರೆ. ಹಾಗಾಗಿ ಎಷ್ಟೋ ಸಲ ಅವರಿಗೆ ಮಜ್ಜಿಗೆ ಸಿಗುತ್ತದೆ.

ಅಕ್ಕನ ಗಂಡನಾದ ಈ ಮಹಾನುಭಾವರ ಕಸುಬೇ ಅದು. ಊರಂಚಿನ ಸಣ್ಣಪುಟ್ಟ ಕಾರ್ಖಾನೆಯವರಿಗೆ ವರದಿ, ಪ್ರಸ್ತಾವನೆ ಬರೆದುಕೊಡುವುದು. ಬೋಲ್ಟು ಮಾಡುವವರು, ರಟ್ಟಿನ ಡಬ್ಬ ಮಾಡುವವರು, ಊದುಬತ್ತಿಯವರು, ಎಲ್ಲರೂ ದೊಡ್ಡ ಕಂಪನಿಗಳ ಬಾಗಿಲು ತಟ್ಟುವ ಮೊದಲು ಮೈಸೂರಿನ ಶ್ರೀರಾಂಪುರದ ಇವರ ಮನೆ ಬಾಗಿಲು ತಟ್ಟುತ್ತಾರೆ. ಒಮ್ಮೆ ಡಬ್ಬದ ಕಾರ್ಖಾನೆಯ ಯಜಮಾನರೊಬ್ಬರು ತಾವೇ ಬರೆದ ಪ್ರಸ್ತಾವನೆ ಹೊತ್ತು ತಂದಿದ್ದರು. ಮದುವೆ ಆಲ್ಬಮ್ಮಿನಷ್ಟು ದಪ್ಪ! ಮೊದಲ ಅರ್ಧದಲ್ಲಿ ಅವರ ತಾತ ಹುಟ್ಟಿ, ಬೆಳೆದು, ಮೈಸೂರಿಗೆ ನಡೆದುಕೊಂಡೇ ಬಂದು, ರಟ್ಟಿನ ಮಹಿಮೆಯನ್ನು ಕಂಡುಕೊಳ್ಳುತ್ತಿದ್ದರು. ಭಾವನವರು ಅಷ್ಟನ್ನೂ ಒಂದೇ ಹಾಳೆಗೆ ಇಳಿಸಿಬಿಟ್ಟರು. ನಮ್ಮ ತಾತ ಎಲ್ಲಿ ಹೋದರು ಎಂದು ಯಜಮಾನರು ಅಳುವುದೊಂದು ಬಾಕಿ.

"ಓದೋರಿಗೆ ಬೇಕಾಗಿರೋದು ನಿಮ್ಮ ತಾತ ಅಲ್ಲ ಸ್ವಾಮಿ, ಡಬ್ಬ," ಅಂದರು ಭಾವ.

ಆರ್ಡರು ಸಿಕ್ಕಿತು. ಆ ಖುಷಿಗೆ ಯಜಮಾನರು ತಾತನ ಫೋಟೋಗೆ ಕಟ್ಟು ಹಾಕಿಸಿ ಭಾವನಿಗೇ ಉಡುಗೊರೆ ಕೊಟ್ಟರು. ಈಗಲೂ ಅಕ್ಕನ ಮನೆಯ ಗೋಡೆಯಲ್ಲಿ ಯಾರದೋ ತಾತ ಪೇಟ ಸುತ್ತಿಕೊಂಡು ಕೂತಿದ್ದಾರೆ. ಮನೆಗೆ ಬಂದವರು ನಮ್ಮ ಹಿರಿಯರೇ ಇರಬೇಕೆಂದು ಕೈಮುಗಿಯುತ್ತಾರೆ, ನಾವೂ ಸುಮ್ಮನಿರುತ್ತೇವೆ.

ಇಂಥವರ ಜೊತೆ ಸಂಸಾರ ಹೇಗೆ? "ನೆಟ್ಟಗೆ ಒಂದು ಜಗಳ ಆಡೋಕೂ ಆಗಲ್ಲ ಕಣೋ, ನಾನು ಕೂಗಾಡ್ತಿದ್ರೆ ಇವ್ರು ಮುಖ್ಯಾಂಶ ಹೇಳು ಅಂತಾರೆ," ಎಂದು ಅಕ್ಕ ನನ್ನ ಹತ್ತಿರ ಅಲವತ್ತುಕೊಂಡಿದ್ದಾಳೆ. ಮುಖ್ಯಾಂಶ ಹುಡುಕುವಷ್ಟರಲ್ಲಿ ಅವಳ ಕೋಪ ಇಳಿದುಹೋಗಿರುತ್ತದಂತೆ. ಆಮೇಲೆ ಅದಕ್ಕೆ ಬೇರೆ ಕೋಪ ಬರುತ್ತದಂತೆ!

ಭಾವನವರ ಬ್ರಹ್ಮಾಸ್ತ್ರ ಮಾತ್ರ ಬೇರೆ. ಯಾವುದೇ ಪ್ರಸ್ತಾವನೆಯಲ್ಲಿ ಮೂರು ದಾರಿ ತೋರಿಸಬೇಕು. ಮೊದಲನೆಯದು ತೀರಾ ಜುಜುಬಿ, ಮೂರನೆಯದು ತೀರಾ ಅತಿರೇಕ. ಓದುವವನು ಅದನ್ನು ಕಂಡು ಮೂಗು ಮುರಿದು, ಇದನ್ನು ಕಂಡು ಬೆಚ್ಚಿಬಿದ್ದು, ಕೊನೆಗೆ ಮಧ್ಯದ್ದನ್ನು ತಾನೇ ಜಾಣತನದಿಂದ ಆರಿಸಿಕೊಂಡೆನೆಂದು ಬೀಗುತ್ತಾನೆ. ಭಾವನಿಗೆ ಬೇಕಾಗಿದ್ದೂ ಅದೇ! ಎಂಥೆಂಥ ಮ್ಯಾನೇಜರುಗಳು ಈ ಬಲೆಗೆ ಬಿದ್ದಿದ್ದಾರೆ.

ಬೀಳದ ಜೀವ ಒಂದೇ. ಒಂಟಿಕೊಪ್ಪಲಿನಲ್ಲಿ ನನ್ನ ಜೊತೆಗಿರುವ ನಮ್ಮಮ್ಮ.

ಅಪ್ಪ ಇದ್ದಷ್ಟು ಕಾಲ ನಮ್ಮ ಮನೆಯಲ್ಲಿ ಪ್ರಸ್ತಾವನೆ ಗಿಸ್ತಾವನೆ ಯಾವುದೂ ಇರಲಿಲ್ಲ. ಅಪ್ಪ ಹೇಳುತ್ತಿದ್ದರು, ಆಗುತ್ತಿತ್ತು. ಅವರು ಹೋದ ಮೇಲೆ ಅಮ್ಮನನ್ನು ಏನು ಕೇಳಿದರೂ ಒಂದೇ ಉತ್ತರ, ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು. ಆಗ ಭಾವನವರು ಹಾಳೆ ತರಲು ಶುರುಮಾಡಿದರು. ಅಳಿಯಂದಿರು ಕೊಟ್ಟದ್ದನ್ನು ಓದದೆ ಪಕ್ಕಕ್ಕಿಡುವುದುಂಟೇ? ಅಮ್ಮ ಕನ್ನಡಕ ಏರಿಸಿ, ಮೊದಲಿಂದ ಕೊನೆಯವರೆಗೆ ಓದಿ, ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದರು. ಯಾವಾಗಲೂ ಮೂರನೆಯದಕ್ಕೆ!

ಹಿತ್ತಲಿನ ಸೂರು ಸೋರುತ್ತಿತ್ತು. ಮೊದಲ ದಾರಿ, ತೂತು ಮುಚ್ಚುವುದು. ಎರಡನೆಯದು, ಹೊಸ ಶೀಟು ಹಾಕಿಸುವುದು. ಮೂರನೆಯದು, ಹೊಸ ಶೀಟು ಹಾಕಿಸಿ ಅದರ ಕೆಳಗೆ ಉಯ್ಯಾಲೆ ಕಟ್ಟುವುದು. ಅಮ್ಮನ ಪೆನ್ಸಿಲು ಸೀದಾ ಉಯ್ಯಾಲೆಗೇ ಹೋಯಿತು. ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬ ಬಂತು. ಮನೆಯಲ್ಲಿ ಪಾಯಸ, ಇಲ್ಲವೇ ಛತ್ರದಲ್ಲಿ ನೆಂಟರಿಗೆಲ್ಲ ಊಟ, ಇಲ್ಲವೇ ಸಮುದ್ರ ನೋಡಲು ಹೋಗುವುದು. ಛತ್ರದ ಊಟಕ್ಕೆ ಹೊಸ ಸೀರೆ ತೆಗೆದಿಟ್ಟಿದ್ದ ನೆಂಟರು ಇನ್ನೂ ನಮ್ಮೊಡನೆ ಸರಿಯಾಗಿ ಮಾತಾಡುವುದಿಲ್ಲ. ಅಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಸಮುದ್ರದ ದಡದಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು ನೀರಲ್ಲಿ ನಿಂತವರನ್ನು ಊಟಕ್ಕೆ ಕರೆತರುವಷ್ಟರಲ್ಲಿ ಸಾಕುಸಾಕಾಯಿತು. ಊರಿಗೆಲ್ಲ ಬಲೆ ಬೀಸುವ ಭಾವ ಅತ್ತೆಯ ಮುಂದೆ ಸೋತು ಸುಣ್ಣವಾಗುತ್ತಾರಲ್ಲ ಎಂದು ನಾನೂ ಅಕ್ಕನೂ ಹೊಟ್ಟೆ ತುಂಬ ನಗುತ್ತಿದ್ದೆವು.

ಕಳೆದ ವರ್ಷ ಮಾತ್ರ ನಗು ಬರಲಿಲ್ಲ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೌತೆಕಾಯಿ ಹೆಚ್ಚಲು ಹೋಗಿ ಬೆರಳು ಕುಯ್ದುಕೊಂಡರು. ಇನ್ನು ತಡಮಾಡಿದರೆ ಕಷ್ಟವೆಂದು ಡಾಕ್ಟರು ಬಿಡಿಸಿ ಹೇಳಿದರು. ಅಮ್ಮ ಜಪ್ಪಯ್ಯ ಎಂದರೂ ಆಪರೇಷನ್ನಿಗೆ ಒಪ್ಪಲಿಲ್ಲ. ನಾನು ಬೇಡಿಕೊಂಡೆ, ರೇಗಿದೆ. ಅಕ್ಕ ಬಂದು ಅತ್ತಳು. "ನೋಡೋದೆಲ್ಲ ನೋಡಿ ಆಯ್ತು ಕಣಪ್ಪ. ಈ ವಯಸ್ನಲ್ಲಿ ಇನ್ನೇನಿದೆ ನೋಡೋಕೆ?" ಅಂದರು ಅಮ್ಮ. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು.

ಭಾವನವರು ದಪ್ಪ ಅಕ್ಷರದಲ್ಲಿ ಹಾಳೆ ಸಿದ್ಧಮಾಡಿಕೊಂಡು ಬಂದರು. ನಾನು ಬಾಗಿಲಲ್ಲೇ ಕಿತ್ತುಕೊಂಡು ಓದಿದೆ. ಒಂದು, ಈಗಿರುವ ಹಾಗೇ ಇರುವುದು. ಎರಡು, ಆಪರೇಷನ್ ಮಾಡಿಸುವುದು. ಮೂರು, ಆಪರೇಷನ್ ಮಾಡಿಸಿಕೊಂಡು, ಕಣ್ಣು ಸರಿಹೋದ ಮೇಲೆ, ಯಾದವಗಿರಿಯಲ್ಲಿ ಹೇಳಿಕೊಡುವ ಮೈಸೂರು ಶೈಲಿಯ ಚಿತ್ರಕಲೆಯ ತರಗತಿಗೆ ಸೇರುವುದು!

ನನಗೆ ರೇಗಿಹೋಯಿತು. ಬೆರಳು ಯಾವುದು, ಸೌತೆಕಾಯಿ ಯಾವುದು ತಿಳಿಯದವರಿಗೆ ಚಿನ್ನದ ರೇಕು ಅಂಟಿಸುವ ಚಿತ್ರಕಲೆಯೇ? ಇದೊಂದು ಸಲ ನಿಮ್ಮ ಕಸುಬಿನ ಚಮತ್ಕಾರ ಬೇಡ, ಮೂರನೆಯದನ್ನು ಹೊಡೆದುಹಾಕಿ ಎಂದು ಗದರಿಯೇಬಿಟ್ಟೆ.

ಭಾವನವರಿಗೆ ಸಿಟ್ಟು ಬರಲಿಲ್ಲ. ಆಗ ಅವರು ಬಿಡಿಸಿ ಹೇಳಿದರು. ಅವರಿಗೂ ಅಕ್ಕನಿಗೂ ಮದುವೆಯಾದ ಹೊಸತರಲ್ಲಿ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೂವು, ಬಳ್ಳಿ, ದೇವರ ಮುಖ ಎಲ್ಲ ಬರೆಯುತ್ತಿದ್ದರಂತೆ. ಅಪ್ಪನ ಹೆಜ್ಜೆ ಸದ್ದಾದರೆ ತಿರುಗಿಸಿ ನೇತುಹಾಕಿಬಿಡುತ್ತಿದ್ದರಂತೆ. ನೀರು ಕುಡಿಯಲು ಹೋದಾಗ ಭಾವನವರ ಕಣ್ಣಿಗೆ ಬಿದ್ದಿತ್ತು. ಉಯ್ಯಾಲೆಯೂ ಹಾಗೆಯೇ, ಪಕ್ಕದ ಮನೆಗೆ ಹೋದಾಗಲೆಲ್ಲ ಅಮ್ಮ ಅದರ ಸರಪಣಿ ಮುಟ್ಟಿ ಬರುತ್ತಿದ್ದರು. ಸಮುದ್ರವನ್ನು ಟಿವಿಯಲ್ಲಿ ತೋರಿಸಿದರೆ ಒಲೆ ಮೇಲಿನ ಹಾಲು ಮರೆಯುತ್ತಿದ್ದರು.

"ಮೂರನೇದನ್ನ ನಾನು ಬೇಡ ಅನ್ನಿಸೋಕೆ ಬರೀತಿರಲಿಲ್ಲ ಕಣೋ. ಅತ್ತೆಯವರು ಬಾಯಿಬಿಟ್ಟು ಏನನ್ನೂ ಕೇಳಲ್ಲ. ಬರೆದಿಟ್ರೆ ಟಿಕ್ ಹಾಕ್ತಾರೆ," ಅಂದರು.

ಹಾಳೆಯನ್ನು ನಾನೇ ಒಯ್ದು ಅಮ್ಮನ ಕೈಗಿಟ್ಟೆ. ಅಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತುಂಬ ಹೊತ್ತು ಓದಿದರು. ಕಣ್ಣು ಮಂಜಾಗಿದ್ದರಿಂದಲೋ ಏನೋ, ಟಿಕ್ ಅಂಚು ದಾಟಿ ಮೇಜಿನ ಮೇಲೂ ಹರಿಯಿತು.

ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕದ ದಿನಗಳು ಮುಗಿದ ಮೇಲೆ ತರಗತಿಗೂ ಸೇರಿದರು. ಒಂದು ಭಾನುವಾರ ಬೆಳಿಗ್ಗೆ ಭಾವನವರು ತಿಂಡಿಗೆ ಬಂದಿದ್ದರು. ಅಮ್ಮ ದೋಸೆ ಹಾಕಿ, ಕೈ ಒರೆಸಿಕೊಂಡು, ಅವರೆದುರು ಬಂದು ನಿಂತರು.

"ನೋಡಿ, ನನಗೆ ಇನ್ನೊಂದು ಸಣ್ಣ ಕುಂಚ ಬೇಕು. ಕಣ್ಣಿನ ರೆಪ್ಪೆ ಬರೆಯೋವಂಥದ್ದು. ತಂದ್ಕೊಡ್ತೀರಾ?"

ನನಗೆ ಬೇಕು ಎಂದು ಅಮ್ಮ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವನವರು ತಟ್ಟೆಯಲ್ಲಿ ಅರ್ಧ ದೋಸೆ ಇದ್ದ ಹಾಗೇ ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಭಾನುವಾರ ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ತೆಗೆದಿರುವುದಿಲ್ಲ!